ಸುಣ್ಣ, ಹಸಿವು, ಹದಿನೈದು ನಿಮಿಷ

ಬೆಂಗಳೂರಿನ ಯಾವುದೇ ಕಟ್ಟಡ ಕೆಲಸದ ಜಾಗದಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಗಾರೆಯಾಳು ಸೊಂಟದಿಂದ ಎರಡು ಕಡೆ ಮುಚ್ಚಳವಿರುವ ಪುಟ್ಟ ಡಬ್ಬಿ ತೆಗೆಯುತ್ತಾನೆ. ಒಂದು ಕಡೆಯಿಂದ ತಂಬಾಕಿನ ಪುಡಿ ಎಡ ಅಂಗೈಗೆ ಬೀಳುತ್ತದೆ. ಇನ್ನೊಂದು ಕಡೆಯಿಂದ ಉಗುರಿನ ತುದಿಯಷ್ಟು ಒದ್ದೆ ಸುಣ್ಣ ಬರುತ್ತದೆ. ಬಲಗೈ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಎರಡೇಟು ತಟ್ಟಿ ಧೂಳು ಹಾರಿಸಿ, ಉಳಿದದ್ದನ್ನು ಕೆಳದುಟಿಯ ಹಿಂದೆ ಸೇರಿಸಿ ಬಾಂಡಲಿ ಎತ್ತುತ್ತಾನೆ. ಇಡೀ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಅವನ ಅಂಗೈ ಮೇಲೆ ಅಚ್ಚುಕಟ್ಟಾದ ರಸಾಯನ ಕ್ರಿಯೆಯೊಂದು ನಡೆದುಹೋಗಿರುತ್ತದೆ.

ತಂಬಾಕಿನ ಎಲೆಯೊಳಗಿನ ನಿಕೋಟಿನ್ ಕ್ಷಾರ ಗುಣದ ಅಣು. ಸುತ್ತಲಿನ ತೇವ ಆಮ್ಲೀಯವಾಗಿದ್ದರೆ ಅದು ಒಂದು ಪ್ರೋಟಾನನ್ನು ಅಂಟಿಸಿಕೊಂಡು ವಿದ್ಯುದಂಶ ಪಡೆಯುತ್ತದೆ. ವಿದ್ಯುದಂಶ ಹೊತ್ತ ಅಣು ಬಾಯಿಯ ತೆಳುಪೊರೆಯನ್ನು ಸುಲಭವಾಗಿ ದಾಟಲಾರದು. ಸುಣ್ಣ ಬಿದ್ದ ಕೂಡಲೇ ಲೆಕ್ಕ ಬದಲಾಗುತ್ತದೆ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 6 ಇದ್ದಾಗ ನಿಕೋಟಿನ್‌ನಲ್ಲಿ ಶೇ 1ರಷ್ಟು ಮಾತ್ರ ವಿದ್ಯುದಂಶವಿಲ್ಲದ ಮುಕ್ತ ರೂಪದಲ್ಲಿರುತ್ತದೆ. 8ರ ಆಸುಪಾಸಿನಲ್ಲಿ ಅರ್ಧದಷ್ಟು, 9ಕ್ಕೆ ಏರಿದರೆ ಶೇ 90ರಷ್ಟು ಮುಕ್ತವಾಗುತ್ತದೆ. ಮುಕ್ತವಾದದ್ದು ಕೆಳದುಟಿಯ ಒಳಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಸುಣ್ಣ ಹಾಕದಿದ್ದರೆ ‘ಏರುವುದಿಲ್ಲ’ ಎಂದು ಅಜ್ಜ ಅಜ್ಜಿಯರು ಹೇಳುತ್ತಿದ್ದುದು ಸರಿಯಾಗಿಯೇ ಇದೆ. ಅವರು ಪಿಎಚ್ ಅಳೆದವರಲ್ಲ, ನಾಲಿಗೆಯಿಂದ ಅಳೆದಿದ್ದರು.

ರಕ್ತದಿಂದ ಮಿದುಳಿಗೆ ಹೋದ ನಿಕೋಟಿನ್ ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ಸಂದೇಶವಾಹಕದ ಬೀಗಕ್ಕೆ ಕಳ್ಳಕೀಲಿಯಂತೆ ಕೂರುತ್ತದೆ. ಡೋಪಮಿನ್ ಸುರಿಯುತ್ತದೆ, ಹಿತವೆನಿಸುತ್ತದೆ, ಗಮನ ಮೊನಚಾಗುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ, ಅಂಥ ಬೀಗಗಳ, ಅಂದರೆ ಗ್ರಾಹಕಗಳ, ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಅವೆಲ್ಲ ಖಾಲಿ ಬಿದ್ದಾಗ ಕಿರಿಕಿರಿ, ತಲೆಭಾರ, ಸಿಡುಕು. ರಕ್ತದಲ್ಲಿ ನಿಕೋಟಿನ್ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯಿಡೀ ನಿದ್ದೆ ಮಾಡಿ ಎದ್ದವರಿಗೆ ಹಲ್ಲುಜ್ಜುವ ಮೊದಲೇ ಅದು ಬೇಕಾಗುವುದು ಇದಕ್ಕೇ. ಎದ್ದ ಎಷ್ಟು ನಿಮಿಷಕ್ಕೆ ಮೊದಲ ಬೀಡಿ ಅಥವಾ ಮೊದಲ ಚಿಟಿಕೆ ಎಂಬ ಒಂದೇ ಪ್ರಶ್ನೆಯಿಂದ ಚಟ ಎಷ್ಟು ಆಳವಾಗಿದೆ ಎಂಬುದನ್ನು ವೈದ್ಯರು ಬಹುಮಟ್ಟಿಗೆ ಅಂದಾಜು ಮಾಡುತ್ತಾರೆ.

ಬಡವರ ಮಟ್ಟಿಗೆ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ: ಹಸಿವು. ತಂಬಾಕು ಹಾಕಿಕೊಂಡರೆ ಹಸಿವು ಗೊತ್ತಾಗುವುದಿಲ್ಲ ಎಂದು ಕೂಲಿಯವರು ಹೇಳುವ ಮಾತನ್ನು ನೆಪವೆಂದು ತಳ್ಳಿಹಾಕುವವರೇ ಹೆಚ್ಚು. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇದರ ದಾರಿಯನ್ನು ತೋರಿಸಿದರು. ಹೈಪೋಥಲಮಸ್‌ನಲ್ಲಿ, ಹೊಟ್ಟೆ ತುಂಬಿತು ಎಂದು ಸೂಚಿಸುವ ನರಕೋಶಗಳ ಗುಂಪೊಂದಿದೆ. ನಿಕೋಟಿನ್ ಅವುಗಳನ್ನೇ ಎಬ್ಬಿಸುತ್ತದೆ. ಅವರು ನೋಡಿದ್ದು ಇಲಿಗಳಲ್ಲಿ. ನಿಕೋಟಿನ್ ಪಡೆದ ಇಲಿಗಳು ಕಡಿಮೆ ತಿಂದವು. ಬೆಳಗ್ಗೆ ಬರಿ ಚಹಾ ಕುಡಿದು ಮಧ್ಯಾಹ್ನ ಎರಡರವರೆಗೆ ಇಟ್ಟಿಗೆ ಹೊರಬೇಕಾದ ಹೆಂಗಸಿಗೆ ಐದು ರೂಪಾಯಿಯ ಪಾಕೀಟು ಇಡ್ಲಿಗಿಂತ ಅಗ್ಗ. ‘ಬಿಡಿ’ ಎಂದು ಹೇಳಲು ಹೋಗುವವರು ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಕು. ಕಸದ ಗಾಡಿಯ ಕೆಲಸದವರಿಗೆ ವಾಸನೆ, ರಾತ್ರಿ ಪಾಳಿಯ ಕಾವಲುಗಾರರಿಗೆ ನಿದ್ದೆ, ಲಾರಿ ಚಾಲಕರಿಗೆ ದಾರಿ. ಪ್ರತಿಯೊಬ್ಬರಿಗೂ ಅವರದೇ ಕಾರಣವಿದೆ, ಆ ಕಾರಣಗಳಲ್ಲಿ ಹುರುಳೂ ಇದೆ.

ಇನ್ನು ಅಂಕಿಅಂಶ. 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6 ಮಂದಿ, ಅಂದರೆ ಸುಮಾರು 26.7 ಕೋಟಿ ಜನ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಜಗಿಯುವವರು ಇಮ್ಮಡಿ: ಶೇ 10.7 ಮತ್ತು 21.4. ಕರ್ನಾಟಕದಲ್ಲಿ ಒಟ್ಟು ಬಳಕೆ ಶೇ 22.8. ಅದರ ಹಿಂದಿನ ಸಮೀಕ್ಷೆಯಲ್ಲಿ, 2009-10ರಲ್ಲಿ, ಅದು 28.2 ಇತ್ತು. ಇಳಿದಿದೆ, ನಿಜ. ಆದರೆ ಓದು ಕಡಿಮೆಯಾದಷ್ಟೂ, ಆದಾಯ ಕಡಿಮೆಯಾದಷ್ಟೂ ಬಳಕೆ ಹೆಚ್ಚು ಎಂಬ ಓರೆ ಮಾತ್ರ ದೇಶದಾದ್ಯಂತ ಹಾಗೆಯೇ ಇದೆ.

ಇದನ್ನು ಕೇಳಿದ ಕೂಡಲೇ ಸಭೆಗಳಲ್ಲಿ ಯಾರಾದರೂ ಎದ್ದು ‘ಅವರಿಗೆ ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು’ ಎನ್ನುತ್ತಾರೆ. ಮೇ 31ರ ತಂಬಾಕು ವಿರೋಧಿ ದಿನ ಶಾಲಾ ಮಕ್ಕಳ ಜಾಥಾ ಹೊರಡುವುದು ಈ ನಂಬಿಕೆಯಿಂದಲೇ. ಅದೇ ಸಮೀಕ್ಷೆ ಬೇರೆಯೇ ಮಾತು ಹೇಳುತ್ತದೆ. ಸೇದುವುದರಿಂದ ಗಂಭೀರ ಕಾಯಿಲೆ ಬರುತ್ತದೆಂದು ವಯಸ್ಕರಲ್ಲಿ ಶೇ 92.4 ಮಂದಿ ನಂಬುತ್ತಾರೆ. ಜಗಿಯುವುದರ ಬಗ್ಗೆ ಹಾಗೆ ನಂಬುವವರು ಶೇ 95.6. ಅಂದರೆ ಬಹುಪಾಲು ಎಲ್ಲರಿಗೂ ಗೊತ್ತಿದೆ. ಪೊಟ್ಟಣದ ಶೇ 85 ಭಾಗವನ್ನು ಕೊಳೆತ ಬಾಯಿಯ ಚಿತ್ರ ಆವರಿಸಿರುವಾಗ ಗೊತ್ತಿಲ್ಲದೆ ಇರುವುದಾದರೂ ಹೇಗೆ? ಇಷ್ಟೇ ಅಲ್ಲ, ಸೇದುವವರಲ್ಲಿ ಶೇ 55.4, ಜಗಿಯುವವರಲ್ಲಿ ಶೇ 49.6 ಮಂದಿ ಬಿಡುವ ಯೋಚನೆಯಲ್ಲೇ ಇದ್ದರು.

ಕೊರತೆ ಇದ್ದದ್ದು ಬೇರೆ ಕಡೆ. ಹಿಂದಿನ ಹನ್ನೆರಡು ತಿಂಗಳಲ್ಲಿ ವೈದ್ಯರ ಅಥವಾ ಆರೋಗ್ಯ ಸಿಬ್ಬಂದಿಯ ಬಳಿ ಹೋಗಿದ್ದ ಜಗಿಯುವವರಲ್ಲಿ ‘ಬಿಡಿ’ ಎಂಬ ಸಲಹೆ ಸಿಕ್ಕಿದ್ದು ಶೇ 31.7 ಮಂದಿಗೆ ಮಾತ್ರ. ಸೇದುವವರಲ್ಲಿ ಶೇ 48.8. ಮೂವರು ಜಗಿಯುವವರು ಆಸ್ಪತ್ರೆಗೆ ಹೋದರೆ ಇಬ್ಬರನ್ನು ಯಾರೂ ಕೇಳಲೇ ಇಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ನೋಡಿದವರು ಇದಕ್ಕೆ ವೈದ್ಯರನ್ನು ಬೈಯಲಾರರು. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಹಾಗಾದರೆ ಕೇಳುವವರು ಬೇರೆ ಯಾರೋ ಆಗಬೇಕು, ಅವರು ಆಸ್ಪತ್ರೆಯಲ್ಲಿ ಕಾದಿರದೆ ಮನೆ ಬಾಗಿಲಿಗೆ ಹೋಗಬೇಕು.

ಇದನ್ನು ಮಾಡಿ ನೋಡಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆಯ ತಂಡ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದ ವರದಿ 1995ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ತಂಬಾಕಿನ ವಿರುದ್ಧ ಕೆಲಸ ನಡೆಯಿತು. ಹೋಲಿಕೆಗೆಂದು ಏನೂ ಮಾಡದೆ ಬಿಟ್ಟ ಹಳ್ಳಿಗಳ ಎರಡು ಗುಂಪುಗಳು ಬೇರೆ. ಹೊಸ ಕಟ್ಟಡ, ಹೊಸ ಇಲಾಖೆ ಏನೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯವಸ್ಥೆಯನ್ನೇ ಬಳಸಿಕೊಂಡರು. ಸಿನಿಮಾ ತೋರಿಸಿದರು, ಚಿತ್ರಗಳನ್ನು ಜೋಡಿಸಿಟ್ಟು ವಿವರಿಸಿದರು, ಎದುರು ಕೂತು ಮಾತಾಡಿದರು. ಕೊನೆಯ ಸಮೀಕ್ಷೆಯ ಹೊತ್ತಿಗೆ ಆ ಹಳ್ಳಿಗಳಲ್ಲಿ ತಂಬಾಕು ಬಿಟ್ಟ ಗಂಡಸರು ಶೇ 26.5, ಹೆಂಗಸರು ಶೇ 36.7. ಹೋಲಿಕೆಯ ಹಳ್ಳಿಗಳಲ್ಲಿ ಬಿಟ್ಟವರು ತೀರ ಕಡಿಮೆ.

ಹೆಂಗಸರೇ ಹೆಚ್ಚು ಬಿಟ್ಟರು ಎಂಬುದನ್ನು ನಾನು ಈ ವರದಿಯ ಮುಖ್ಯ ಸಂಗತಿ ಎಂದುಕೊಳ್ಳುತ್ತೇನೆ. ನಮ್ಮ ಹಳ್ಳಿಯ ಹೆಂಗಸರು ಬಳಸುವುದು ಬಹುಪಾಲು ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ನಸ್ಯ. ಬೆಳಗಾವಿ ಕಡೆ ಹಲ್ಲಿಗೆ ತಿಕ್ಕುವ ಮಿಶ್ರಿ. ಮಾವನ ಮುಂದೆ, ವೈದ್ಯರ ಮುಂದೆ ಅದನ್ನು ಹೇಳಿಕೊಳ್ಳುವುದಿಲ್ಲ. ‘ತಂಬಾಕು ತಿಂತೀರಾ?’ ಎಂದರೆ ‘ಇಲ್ಲಪ್ಪ, ಎಲೆಅಡಿಕೆ ಅಷ್ಟೇ’ ಎನ್ನುತ್ತಾರೆ, ಹೊಗೆಸೊಪ್ಪು ಅದರೊಳಗೇ ಇರುತ್ತದೆ. ಬಸುರಿಯಾದರೂ ಬಿಡದವರಿದ್ದಾರೆ. ಮುಂಬೈಯಲ್ಲಿ ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಜಗಿಯುವ ಅಥವಾ ತಿಕ್ಕುವ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಮೊದಲೇ ಎರಡೂಕಾಲು ಕಿಲೋ ಇರುವ ಮಗುವಿಗೆ ನೂರು ಗ್ರಾಂ ಸಣ್ಣ ಮಾತಲ್ಲ. ಇಂಥ ಗುಟ್ಟು ಹೊರಬರುವುದು ಅಡುಗೆಮನೆಯ ಹೊಸ್ತಿಲಲ್ಲಿ, ಇನ್ನೊಬ್ಬ ಹೆಂಗಸು ಬಂದು ಕೂತಾಗ.

ಕೋಲಾರದ ಅಂಕಿ ಓದಿ ಹಿಗ್ಗುವ ಮೊದಲು ವಿಜ್ಞಾನದ ಕಡೆಯಿಂದ ಒಂದು ತಕರಾರು ಎತ್ತಬೇಕು. ಬಿಟ್ಟಿದ್ದೇವೆ ಎಂದು ಹೇಳಿದವರು ನಿಜಕ್ಕೂ ಬಿಟ್ಟಿದ್ದರೇ? ವರ್ಷಗಟ್ಟಲೆ ಮನೆಗೆ ಬಂದು ಹೋದ ಆರೋಗ್ಯ ಕಾರ್ಯಕರ್ತೆಯ ಮುಖ ನೋಡಿ ‘ಇನ್ನೂ ತಿಂತೀನಿ’ ಎನ್ನಲು ಸಂಕೋಚ. ಸುಳ್ಳು ಎನ್ನುವುದಕ್ಕಿಂತ ಅದು ದಾಕ್ಷಿಣ್ಯ. ಈ ದಾಕ್ಷಿಣ್ಯವನ್ನು ಕಳೆದು ಲೆಕ್ಕ ಹಾಕುವ ಉಪಾಯ ಜೊಲ್ಲಿನಲ್ಲಿದೆ. ನಿಕೋಟಿನ್ ಯಕೃತ್ತಿನಲ್ಲಿ ಒಡೆದು ಕೋಟಿನಿನ್ ಆಗುತ್ತದೆ. ನಿಕೋಟಿನ್ ಎರಡು ಗಂಟೆಗೆ ಅರ್ಧವಾದರೆ ಕೋಟಿನಿನ್ ಅರ್ಧವಾಗಲು ಹದಿನಾರರಿಂದ ಇಪ್ಪತ್ತು ಗಂಟೆ ಬೇಕು. ಹಾಗಾಗಿ ನಿನ್ನೆ ಹಾಕಿಕೊಂಡದ್ದು ಇವತ್ತಿನ ಜೊಲ್ಲಿನಲ್ಲಿ ಸಿಕ್ಕಿಬೀಳುತ್ತದೆ.

ಈ ಕಟ್ಟುನಿಟ್ಟಿನೊಂದಿಗೆ ದೆಹಲಿಯ ಬಡ ಬಡಾವಣೆಗಳಲ್ಲಿ ನಡೆದ ಪ್ರಯೋಗ ‘ಬೇಬೆಕ್ಸ್’. ಬಿದ್ಯುತ್ ಸರ್ಕಾರ್ ಮತ್ತು ಸಂಗಡಿಗರು ಅದರ ವರದಿಯನ್ನು 2017ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 32 ಗಲ್ಲಿಗುಂಪುಗಳನ್ನು ಚೀಟಿ ಎತ್ತುವಂತೆ ಎರಡು ಭಾಗ ಮಾಡಿದರು. ಒಂದು ಭಾಗದಲ್ಲಿ ಕಾರ್ಯಕರ್ತರು ಮನೆ ಮನೆಗೆ ಹೋಗಿ, ತಂಬಾಕು ಬಳಸುವ ಪ್ರತಿಯೊಬ್ಬರ ಜೊತೆ ಒಂದೇ ಒಂದು ಸಲ ಹದಿನೈದು ನಿಮಿಷ ಮಾತಾಡಿ, ಚಪಲ ಬಂದಾಗ ಮಾಡಬೇಕಾದ ಯೋಗದ ಉಸಿರಾಟವನ್ನು ಕಲಿಸಿದರು. ಇನ್ನೊಂದು ಭಾಗದಲ್ಲಿ ‘ಬಿಡುವುದು ಒಳ್ಳೆಯದು’ ಎಂಬ ಒಂದು ನಿಮಿಷದ ಮಾತಷ್ಟೇ. ಔಷಧಿ ಇಲ್ಲ, ಎರಡನೇ ಭೇಟಿ ಇಲ್ಲ. ಏಳು ತಿಂಗಳ ನಂತರ ಹೋಗಿ ಜೊಲ್ಲು ಪರೀಕ್ಷೆ ಮಾಡಿದರು. ಆರು ತಿಂಗಳು ಪೂರ್ತಿ ದೂರವಿದ್ದವರು ಮೊದಲ ಭಾಗದ 611 ಜನರಲ್ಲಿ 16, ಎರಡನೆಯದರ 602 ಜನರಲ್ಲಿ 3. ಶೇ 2.6 ಮತ್ತು 0.5.

ಕೋಲಾರದ 26.5 ಎಲ್ಲಿ, ದೆಹಲಿಯ 2.6 ಎಲ್ಲಿ! ದಶಮಾಂಶ ಚುಕ್ಕೆ ಒಂದು ಮನೆ ಹಿಂದೆ ಸರಿದಂತಿದೆ. ವ್ಯತ್ಯಾಸದ ಒಂದು ಪಾಲು ಜೊಲ್ಲು ಪರೀಕ್ಷೆಯ ಬಿಗಿಯಿಂದ ಬಂದದ್ದು. ಇನ್ನೊಂದು ಪಾಲು ಕೆಲಸದ ಪ್ರಮಾಣದಿಂದ. ಅಲ್ಲಿ ವರ್ಷಗಟ್ಟಲೆ ಊರಿಗೆ ಊರೇ ಸೇರಿಕೊಂಡಿತ್ತು, ಇಲ್ಲಿ ಒಬ್ಬರಿಗೆ ಒಂದು ಹದಿನೈದು ನಿಮಿಷ.

ಆದರೂ ದೆಹಲಿಯ ಸಣ್ಣ ಅಂಕಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಎರಡರ ನಡುವಿನ ಅಂತರ ನೂರಕ್ಕೆ 2.1. ಅಂದರೆ ಸುಮಾರು 48 ಜನರ ಜೊತೆ ಮಾತಾಡಿದರೆ ಒಬ್ಬರು ಹೆಚ್ಚುವರಿಯಾಗಿ ಬಿಡುತ್ತಾರೆ. ನಲವತ್ತೆಂಟು ಹದಿನೈದು ನಿಮಿಷಗಳು ಎಂದರೆ ಹನ್ನೆರಡು ಗಂಟೆ. ಉಸಿರಾಟದ ಪಾಠ, ಓಡಾಟ, ಬೀಗ ಹಾಕಿದ ಮನೆಗಳು ಎಲ್ಲ ಸೇರಿ ಮೂರು ನಾಲ್ಕು ದಿನದ ಕೆಲಸ ಎನ್ನಿ. ಒಬ್ಬ ಕಾರ್ಯಕರ್ತೆಯ ಮೂರು ನಾಲ್ಕು ದಿನದ ಸಂಬಳಕ್ಕೆ ಒಬ್ಬ ಮನುಷ್ಯ ತಂಬಾಕಿನಿಂದ ಹೊರಬಂದ. ಬಾಯಿ ಕ್ಯಾನ್ಸರಿನ ಒಂದು ಶಸ್ತ್ರಚಿಕಿತ್ಸೆಯ ಬಿಲ್ಲು ನೋಡಿದವರು ಇದು ದುಬಾರಿ ಎನ್ನುವುದಿಲ್ಲ. ಪ್ರಯೋಗ ಚಿಕ್ಕದು, ಬಿಟ್ಟವರು ಒಟ್ಟು ಹತ್ತೊಂಬತ್ತೇ ಜನ, ಹಾಗಾಗಿ ನಿಜವಾದ ಪರಿಣಾಮ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆದರೆ ದಿಕ್ಕು ಸ್ಪಷ್ಟ.

ಹದಿನೈದು ನಿಮಿಷದಲ್ಲಿ ಏನು ಮಾತಾಡುತ್ತಾರೆ? ಶೆಡ್ಡಿನ ಮುಂದೆ ಆರೋಗ್ಯ ಕಾರ್ಯಕರ್ತೆ ಮತ್ತು ಗಾರೆ ಕೆಲಸದವರ ನಡುವೆ ಅದು ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

‘ಅಣ್ಣಾರ, ದಿನಕ್ಕ ಎಷ್ಟು ಹತ್ತತೈತ್ರಿ?’

‘ಎರಡು ಪಾಕೀಟ ಹತ್ತತಾವ್ರಿ ಯಕ್ಕಾ.’

‘ಬಿಡಬೇಕು ಅನ್ನಿಸಿಲ್ಲೇನ್ರಿ?’

‘ಬಿಟ್ಟಿದ್ನಿರೀ, ಜಾತ್ರಿ ಮುಂದ ನಾಕು ದಿನ. ತಲಿ ಹಿಡೀತು, ಎಲ್ಲಾರ ಮ್ಯಾಲೂ ಸಿಟ್ಟು ಬರಾಕ್ಹತ್ತು. ಹೆಂಡ್ತೀನ ಅಂದ್ಲು, ಹಾಕ್ಕೊಂಡ್ ಬಿಡ್ರಿ ಅಂತ.’

ಈ ಕಡೆಯ ಮಾತಿನಲ್ಲಿ ಪಾಠವೊಂದರ ಸಾಮಗ್ರಿಯೆಲ್ಲ ಇದೆ. ಬಿಟ್ಟಾಗಿನ ಸಂಕಟ ಮೊದಲ ಎರಡು ಮೂರು ದಿನಗಳಲ್ಲಿ ತುದಿಗೇರಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆತ ಸೋತದ್ದು ಏರು ಮುಗಿದು ಇಳಿಜಾರು ಶುರುವಾಗುವ ಜಾಗದಲ್ಲಿ. ಅದು ಅವನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ‘ತಂಬಾಕು ಕೆಟ್ಟದ್ದು’ ಎಂದು ಹೇಳುವುದಕ್ಕಿಂತ ‘ನಾಲ್ಕನೇ ದಿನ ದಾಟಿಸಿಬಿಡಿ, ಆಮೇಲೆ ಹಗುರ’ ಎಂದು ಹೇಳುವುದು ಉಪಯೋಗದ ಮಾತು. ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರೆ ಇನ್ನೂ ಒಳ್ಳೆಯದು. ಚಪಲವೆಂಬುದು ಅಲೆಅಲೆಯಾಗಿ ಬರುತ್ತದೆ, ಒಂದೊಂದು ಅಲೆ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ನೀರು ಕುಡಿಯುವುದು, ದೀರ್ಘವಾಗಿ ಉಸಿರೆಳೆಯುವುದು, ಹುರಿಗಡಲೆ ಬಾಯಿಗೆ ಹಾಕಿಕೊಳ್ಳುವುದು. ಹುರಿಗಡಲೆ ಹಸಿವಿಗೂ ಆಗುತ್ತದೆ.

ಸಂಕಟ ತಡೆಯಲಾರದವರಿಗೆ ನಿಕೋಟಿನ್ ಗಮ್ ಇದೆ. ಅದನ್ನು ಚೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇರಬಾರದು. ನಾಲ್ಕಾರು ಸಲ ಜಗಿದು, ಖಾರವೆನಿಸಿದಾಗ ಕೆನ್ನೆಯ ಬದಿಗೆ ಇಟ್ಟುಕೊಳ್ಳಬೇಕು. ತಂಬಾಕನ್ನು ತುಟಿಗೆ ಸೇರಿಸಿ ರೂಢಿಯಿದ್ದವರಿಗೆ ಇದನ್ನು ಕಲಿಸುವುದೇ ಬೇಡ. ಗಮ್ಮಿನೊಳಗೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರವನ್ನೂ ಬೆರೆಸಿರುತ್ತಾರೆ. ಅಂಗೈ ಮೇಲೆ ಸುಣ್ಣ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಜೊತೆಗೆ ಕಾಫಿಯನ್ನೋ ಬಣ್ಣದ ಸೋಡಾವನ್ನೋ ಕುಡಿದರೆ ಬಾಯಿ ಹುಳಿಯಾಗಿ ನಿಕೋಟಿನ್ ರಕ್ತಕ್ಕೆ ಇಳಿಯದೆ ಗಮ್ಮು ದಂಡ. ಗಮ್ಮಿನಲ್ಲಿ ನಿಕೋಟಿನ್ ಇದ್ದರೂ ತಂಬಾಕಿನ ಎಲೆಯಲ್ಲಿರುವ ಕ್ಯಾನ್ಸರ್‌ಕಾರಕ ನೈಟ್ರೊಸಮಿನ್‌ಗಳ ಹೊರೆ ಇಲ್ಲ. ತೊಡಕಿರುವುದು ಬೆಲೆಯಲ್ಲಿ. ದಿನಗೂಲಿಯವರಿಗೆ ಗಮ್ಮಿನ ಒಂದು ಪಟ್ಟಿ ಗುಟ್ಕಾದ ಹಲವು ಪಾಕೀಟುಗಳಿಗಿಂತ ದುಬಾರಿ ಬೀಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗದಿದ್ದರೆ ಈ ಪ್ಯಾರಾ ಬಡವರ ಪಾಲಿಗೆ ಬರೆಯದೇ ಇದ್ದಂತೆ.

ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಬಿಹಾರದ ಶಾಲಾ ಶಿಕ್ಷಕರ ಅಧ್ಯಯನ ಕನ್ನಡಿ ಹಿಡಿಯುತ್ತದೆ. 72 ಶಾಲೆಗಳಲ್ಲಿ ನಡೆದ ಆ ಕಾರ್ಯಕ್ರಮ ಮುಗಿದ ಕೂಡಲೇ ಕೇಳಿದಾಗ, ತಂಬಾಕು ಬಳಸುತ್ತಿದ್ದ ಶಿಕ್ಷಕರಲ್ಲಿ ಅರ್ಧದಷ್ಟು ಮಂದಿ ಒಂದು ತಿಂಗಳಿಂದ ಮುಟ್ಟಿಲ್ಲ ಎಂದರು. ಒಂಬತ್ತು ತಿಂಗಳ ನಂತರ, ಆರು ತಿಂಗಳಿಂದ ದೂರ ಇದ್ದವರು ಶೇ 19. ಕಾರ್ಯಕ್ರಮ ಇಲ್ಲದ ಶಾಲೆಗಳಲ್ಲಿ ಶೇ 7. ಲಾಭ ಉಳಿಯಿತು, ಆದರೆ ಕರಗಿತು. ಸಂಬಳ, ಓದು, ಸ್ಥಾನಮಾನ ಎಲ್ಲ ಇರುವ ಮೇಷ್ಟ್ರುಗಳಿಗೇ ಹೀಗಾದರೆ, ಮೂರು ತಿಂಗಳಿಗೊಮ್ಮೆ ಶೆಡ್ಡು ಬದಲಿಸುವ ಕೂಲಿಯವರಿಗೆ? ಮರಳಿ ಬೀಳುವುದು ಈ ಚಟದ ಸಹಜ ಲಕ್ಷಣ. ಬಿದ್ದವರನ್ನು ಮತ್ತೆ ಕೇಳಲು ಯಾರಾದರೂ ಬರುತ್ತಾರೋ ಇಲ್ಲವೋ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮತ್ತೆ ಮತ್ತೆ ಹೋಗುವುದರಿಂದ ಇನ್ನೊಂದು ಲಾಭವಿದೆ, ಅದನ್ನು ತೋರಿಸಿದ್ದು ತಿರುವನಂತಪುರದ ಪ್ರಯೋಗ. 1996ರಲ್ಲಿ ಶುರುವಾದ ಆ ಪ್ರಯೋಗದಲ್ಲಿ 13 ಪಂಚಾಯಿತಿಗಳಿದ್ದವು. ವೈದ್ಯಕೀಯ ಓದದ ಪದವೀಧರರಿಗೆ ತರಬೇತಿ ಕೊಟ್ಟು ಏಳು ಪಂಚಾಯಿತಿಗಳ ಮನೆಮನೆಗೆ ಕಳಿಸಿದರು. ಅವರ ಕೈಯಲ್ಲಿದ್ದ ಮುಖ್ಯ ಉಪಕರಣ ಟಾರ್ಚು. ಬಾಯಿ ತೆರೆಸಿ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ನೋಡುವುದು. ಬಿಳಿ ಮಚ್ಚೆ, ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕಂಡರೆ ಆಸ್ಪತ್ರೆಗೆ ಕಳಿಸುವುದು, ಬಳಸುವವರಿಗೆ ಬಿಡಿ ಎನ್ನುವುದು. ಮೂರು ವರ್ಷಕ್ಕೊಮ್ಮೆ ಮೂರು ಸುತ್ತು. 2005ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶ: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಹೋಲಿಕೆಯ ಪಂಚಾಯಿತಿಗಳಿಗಿಂತ ಶೇ 34 ಕಡಿಮೆ. ಇದಕ್ಕೂ ಹಿಂದೆ, 1970ರ ದಶಕದ ಕೊನೆಯಲ್ಲಿ ಎರ್ನಾಕುಳಂ, ಶ್ರೀಕಾಕುಳಂ, ಭಾವನಗರ ಜಿಲ್ಲೆಗಳ 36,000 ತಂಬಾಕು ಬಳಕೆದಾರರ ಜೊತೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಕೆಲಸ ಮಾಡಿತ್ತು. ಶ್ರೀಕಾಕುಳಂನಲ್ಲಿ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಾರೆ, ಅಂಗುಳು ಬೆಂದುಹೋಗಿರುತ್ತದೆ. ಬಳಕೆ ಬಿಟ್ಟರೆ, ಕಡಿಮೆ ಮಾಡಿದರೆ ಕ್ಯಾನ್ಸರಿಗೆ ಮುನ್ನುಡಿಯಾದ ಬಿಳಿ ಮಚ್ಚೆಗಳು ಹುಟ್ಟುವುದೂ ಕಡಿಮೆಯಾಗುತ್ತದೆ ಎಂದು ಆ ಕೆಲಸದಿಂದ ಗೊತ್ತಾಯಿತು.

ಇಂದು ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಬಂದು ನಿಂತಿರುವುದು ಆಶಾ ಕಾರ್ಯಕರ್ತೆಯ ಚೀಲದಲ್ಲಿ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಕೆ ಒಂದು ನಮೂನೆ ತುಂಬಬೇಕು. ಅದರಲ್ಲಿ ತಂಬಾಕಿನದೂ ಒಂದು ಪ್ರಶ್ನೆ. ಎಂದೂ ಇಲ್ಲದಿದ್ದರೆ ಸೊನ್ನೆ, ಹಿಂದೆ ಇತ್ತು ಅಥವಾ ಆಗೀಗ ಎಂದರೆ 1, ದಿನವೂ ಎಂದರೆ 2. ವಯಸ್ಸು, ಸೊಂಟದ ಸುತ್ತಳತೆ, ಮದ್ಯ ಮುಂತಾದವುಗಳ ಅಂಕ ಸೇರಿ ನಾಲ್ಕು ದಾಟಿದರೆ ತಪಾಸಣೆಯಲ್ಲಿ ಆದ್ಯತೆ. ಬಾಯಿ ತೆರೆಯಲು ಕಷ್ಟವೇ ಎಂಬ ಪ್ರಶ್ನೆಯೂ ಅದೇ ನಮೂನೆಯಲ್ಲಿದೆ. ಅಡಿಕೆ ಮತ್ತು ಗುಟ್ಕಾ ಜಗಿದು ಕೆನ್ನೆಯ ಒಳಪದರ ನಾರಿನಂತೆ ಬಿಗಿದುಕೊಂಡವರಿಗೆ ತಮ್ಮದೇ ಮೂರು ಬೆರಳನ್ನು ನಿಲುವಾಗಿ ಹಲ್ಲುಗಳ ನಡುವೆ ತೂರಿಸಲು ಆಗುವುದಿಲ್ಲ. ಓದುತ್ತಿರುವವರೂ ಈಗಲೇ ಮಾಡಿ ನೋಡಬಹುದು.

ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆಶಾ ಕಾರ್ಯಕರ್ತೆಗೆ ಬಾಣಂತಿಯರ ಪಟ್ಟಿ, ಲಸಿಕೆಯ ಪಟ್ಟಿ, ಡೆಂಗಿ ಸಮೀಕ್ಷೆ ಎಲ್ಲ ಮುಗಿಸಿ ಇದಕ್ಕೆ ಹದಿನೈದು ನಿಮಿಷ ಸಿಗಬೇಕು. ನಮೂನೆ ತುಂಬಿದ್ದಕ್ಕೆ ಗೌರವಧನದ ಲೆಕ್ಕವಿದೆ, ಕೂತು ಮಾತಾಡಿದ್ದಕ್ಕೆ ಇಲ್ಲ. ಎಣಿಸುವುದು ಯಾವುದನ್ನೋ ನಡೆಯುವುದೂ ಅದೇ. ಶೆಡ್ಡಿನಲ್ಲಿರುವ ವಲಸೆ ಕೂಲಿಯವರ ಹೆಸರಂತೂ ಎಷ್ಟೋ ಸಲ ಊರಿನ ಪಟ್ಟಿಯಲ್ಲೂ ಇಲ್ಲ, ನಗರದ ಪಟ್ಟಿಯಲ್ಲೂ ಇಲ್ಲ.

ಬಾಗಿಲು ತಟ್ಟುವ ಕೆಲಸವೊಂದರಿಂದಲೇ ಎಲ್ಲ ಆಗುತ್ತದೆಂದೂ ನಾನು ಹೇಳಲಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಮಾರುವವರು ಪಾನ್ ಮಸಾಲೆಯನ್ನು ಒಂದು ಪಾಕೀಟಿನಲ್ಲೂ ತಂಬಾಕನ್ನು ಇನ್ನೊಂದರಲ್ಲೂ ಜೋಡಿಯಾಗಿ ನೇತುಹಾಕಿದರು. ಗಿರಾಕಿ ಎರಡನ್ನೂ ಹರಿದು ಬಾಯಿಗೆ ಸುರಿದುಕೊಂಡು ಗುಟ್ಕಾ ಮಾಡಿಕೊಂಡ. ಬೀಡಿಯ ಮೇಲಿನ ತೆರಿಗೆ ಸಿಗರೇಟಿಗಿಂತ ಎಂದಿಗೂ ಬಹಳ ಕಡಿಮೆ, ಬಡವರ ಹೊಗೆ ಎಂಬ ಕರುಣೆಯಿಂದ. ಬೀಡಿಯ ಎಲೆ ಸರಿಯಾಗಿ ಉರಿಯದ ಕಾರಣ ಆರದಂತೆ ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಶ್ವಾಸಕೋಶದ ಮಟ್ಟಿಗೆ ಆ ಕರುಣೆ ದುಬಾರಿಯೇ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮನೆಯ ಜಗುಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ. ಮಗಳ ಶಾಲೆಯ ಫೀಸು ಅದರಲ್ಲೇ. ಪಿರಿಯಾಪಟ್ಟಣ, ಹುಣಸೂರಿನ ರೈತರ ಸಾಲ ತೀರುವುದು ವರ್ಜೀನಿಯಾ ತಂಬಾಕಿನ ಹರಾಜಿನಲ್ಲಿ. ಅವರಿಗೆ ಬೇರೆ ಬೆಳೆ, ಬೇರೆ ಕೆಲಸ ತೋರಿಸದೆ ಬರಿ ಉಪದೇಶ ಹೊತ್ತು ಹೋಗುವವರನ್ನು ಹಳ್ಳಿಯವರು ಮರ್ಯಾದೆಯಿಂದಲೇ ಚಹಾ ಕೊಟ್ಟು ಕಳಿಸುತ್ತಾರೆ.

ಅದೆಲ್ಲ ಸರ್ಕಾರದ ಮಟ್ಟದ ಕೆಲಸ, ನಡೆಯುವಾಗ ನಡೆಯಲಿ. ಈ ಪುಸ್ತಕ ಓದುತ್ತಿರುವವರ ಕೈಯಲ್ಲೂ ಒಂದಿಷ್ಟಿದೆ. ನಿಮ್ಮ ಮನೆಯ ಗಾರೆ ಕೆಲಸಕ್ಕೆ, ಪಾತ್ರೆ ತೊಳೆಯಲು, ತೋಟದ ಕೊಯ್ಲಿಗೆ ಬರುವವರಲ್ಲಿ ತಂಬಾಕು ಬಳಸುವವರು ಇದ್ದೇ ಇರುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ಬಿಡಲು ಯೋಚಿಸುತ್ತಿದ್ದಾರೆಂದು ಸಮೀಕ್ಷೆಯೇ ಹೇಳುತ್ತದೆ. ಬೈಯದೆ ಒಂದು ಸಲ ಕೇಳಿ. ಮಧ್ಯಾಹ್ನದ ಊಟ ಸರಿಯಾದ ಹೊತ್ತಿಗೆ ಆಯಿತೇ ಎಂಬುದನ್ನೂ ಜೊತೆಗೇ ಕೇಳಿ. ತಿಂಗಳು ಬಿಟ್ಟು ಮತ್ತೊಂದು ಸಲ ಕೇಳಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಸಂಖ್ಯೆ 1800-11-2356, ಎಲ್ಲ ತಂಬಾಕು ಪೊಟ್ಟಣದ ಮೇಲೂ ಅಚ್ಚಾಗಿರುತ್ತದೆ. ಅಕ್ಷರ ಬಾರದವರಿಗೆ ಅದನ್ನು ನೀವೇ ಒತ್ತಿಕೊಡಬೇಕಾದೀತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನ ಗೊತ್ತು ಮಾಡಿಕೊಂಡ ಮೇಲೆ ಅವರಾಗಿಯೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಕರೆಗೆ ಹಣ ಇಲ್ಲ.